ಅಂಗೈಯೊಳಗಿನ ಅಕ್ಕ

ಕೊಟ್ರಮ್ಮನ ಕಣ್ಣಿಗೆ ಏನೂ ಆಗಿರಲಿಲ್ಲ. ಆದರೂ ಎಪ್ಪತ್ತೈದನೇ ಇಸವಿಯ ಒಂದು ಸಂತೆಯ ದಿನ ಅಪ್ಪ ಗಂಗಾಧರಪ್ಪ ಅವಳನ್ನು ಮತ್ತೋಡಿನಿಂದ ಬಸ್ಸು ಹತ್ತಿಸಿಕೊಂಡು ಬಂದು, ಹೊಸದುರ್ಗದ ಕನ್ನಡಕದ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದ್ದರು.

"ಆ ಬೋರ್ಡು ಓದ್ರಿ," ಅಂದ ಅಂಗಡಿಯ ಏಕಾಂತಪ್ಪ. ಚಿತ್ರದುರ್ಗದಲ್ಲಿ ಕಣ್ಣಿನ ಡಾಕ್ಟರ ಕೈಕೆಳಗೆ ಕೆಲಸ ಕಲಿತು ಬಂದಿದ್ದ ಹುಡುಗ.

ದೊಡ್ಡಕ್ಷರ, ಸಣ್ಣಕ್ಷರ, ಎಲ್ಲಾ ಓದಿದಳು. "ಮೂಲೇಲಿ ಪ್ರೆಸ್ಸಿನ ಹೆಸರು ಐತೆ. ಅದನ್ನೂ ಓದ್ಲಾ?"

ಅವನಿಗೆ ನಗು ತಡೆಯಲಾಗಲಿಲ್ಲ. "ಬ್ಯಾಡ್ರಿ, ಎಲ್ರೂ ಹಿಂಗೇ ಓದಿದ್ರೆ ನಾನು ಅಂಗಡಿ ಮುಚ್ಚಬೇಕಾಗ್ತೈತೆ. ಯಜಮಾನ್ರೇ, ಇವರ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗೈತೆ."

"ಚೆನ್ನಾಗಿದ್ರೆ ಪೂಜೆಗೆ ಕುಂತಾಗ ಯಾಕಪ್ಪ ಏನೇನೋ ಕಾಣ್ತೈತೆ? ದೋಷ ಐತೆ, ಸರಿಯಾಗಿ ನೋಡು," ಅಂತ ಹೇಳಿ ಗಂಗಾಧರಪ್ಪ ಹೊರಗೆ ಕಟ್ಟೆಯ ಮೇಲೆ ಕುಂತು ಸಂತೆಯವರ ಜೊತೆ ಮಾತಿಗಿಳಿದರು.

ಪಾಪ, ಅಪ್ಪನಿಗೆ ಗೊತ್ತಿದ್ದದ್ದು ಅಷ್ಟೇ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡಬೇಕು, ಪೂಜೆ ಮುಗಿಯದೆ ತುತ್ತು ಬಾಯಿಗಿಡಬಾರದು. ಅದು ಅವರ ಮನೆಯ ಕಟ್ಟು. ಕೊಟ್ರಮ್ಮ ನೋಡುತ್ತಿದ್ದಳು. ನೋಡನೋಡುತ್ತ ಆ ಕರೀ ಹೊಳಪು ಬಾವಿಯ ನೀರಾಗುತ್ತಿತ್ತು. ಪಾಚಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆ ನೀರಿನೊಳಗಿಂದ ಅಕ್ಕ ಶಿವಗಂಗಮ್ಮ ಕಣ್ಣು ತೆರೆದುಕೊಂಡೇ ಮೇಲೇಳುತ್ತಿದ್ದಳು. ಹೋದ ವರ್ಷ ಪೂಜೆಗೆ ಕಣಗಿಲೆ ಹೂ ಬಿಡಿಸಲು ಹೋಗಿ ಅಕ್ಕ ಬಾವಿಗೆ ಜಾರಿ ಸತ್ತ ದಿನ ಕೊಟ್ರಮ್ಮ ಕಂಡಿದ್ದ ಮುಖವೇ ಅದು. ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಪೂಜೆ ಅರ್ಧಕ್ಕೇ ನಿಂತರೆ ಊಟವೂ ನಿಂತಂತೆ. ಬಳೆ ಮೊಣಕೈಗೆ ಜಾರುವಷ್ಟು ಸೊರಗಿದ್ದಳು. ಈ ಹುಡುಗಿ ಬಹಳ ದಿನ ಉಳಿಯಲ್ಲ ಅಂತ ಓಣಿಯವರು ಅವಳ ಕಿವಿಗೆ ಬೀಳುವ ಹಾಗೇ ಆಡಿಕೊಳ್ಳುತ್ತಿದ್ದರು.

ಯಾರಿಗೂ ಹೇಳದ್ದನ್ನು ಅಂಗಡಿಯ ಹುಡುಗನಿಗೆ ಹೇಳಿದಳು. ಹೇಳುವಾಗಲೇ ಪಾಚಿಯ ವಾಸನೆ ಬಂತು, ಅಕ್ಕ ಬಂದಳು.

ಏಕಾಂತಪ್ಪನಿಗೆ ಏನು ಮಾಡಬೇಕೋ ತೋಚಲಿಲ್ಲ. ಗೊತ್ತಿದ್ದ ಕೆಲಸವನ್ನೇ ಮಾಡಿದ. ಕೆಂಪು ಪೆನ್ಸಿಲ್ ಎತ್ತಿ ಅವಳ ಮುಖದ ಮುಂದೆ ಎಡಕ್ಕೂ ಬಲಕ್ಕೂ ಆಡಿಸಿದ. "ತಲೆ ಅಲ್ಲಾಡಿಸಬ್ಯಾಡ್ರಿ. ಬರೀ ಕಣ್ಣು."

ಕಣ್ಣು ಪೆನ್ಸಿಲ್ಲಿನ ಹಿಂದೆ ಹೋಯಿತು, ಬಂತು. ಅಯ್ಯೋ, ಇದೇನಿದು! ಅಕ್ಕನ ಮುಖ ಒಂದು ಗೇಣು ಕೆಳಗಿಳಿದಿತ್ತು.

"ಇನ್ನೊಂದು ಸಲ ಆಡಿಸ್ರಿ," ಅಂದಳು ಕೊಟ್ರಮ್ಮ. "ಯಾಕೆ ಹಿಂಗಾಗ್ತೈತೆ?"

"ನನಗೂ ಗೊತ್ತಿಲ್ರಿ. ಕಡಿಮೆ ಆಗ್ತಿದ್ರೆ ದಿನವೆಲ್ಲ ಆಡಿಸ್ತೀನಿ."

ಅವತ್ತು ಮನೆಗೆ ಹೋಗಿ ಅವಳು ಅರ್ಧ ರೊಟ್ಟಿ ತಿಂದಳು. "ಕಣ್ಣಿನ ದೋಷ ಅಂತ ನಾನು ಬಡ್ಕೊಂಡಿರಲಿಲ್ವಾ?" ಅಂತ ಅಪ್ಪ ಬೀಗಿದರು. ಆಮೇಲೆ ಪ್ರತಿ ಸಂತೆಗೂ ಮಗಳು ಜೊತೆಗೆ.

ಸಂತೆಯಿಂದ ಸಂತೆಗೆ ಅಕ್ಕ ಆಳಕ್ಕಿಳಿಯುತ್ತಿದ್ದಳು. ಕೊಟ್ರಮ್ಮನ ಕೆನ್ನೆಗೆ ರಂಗು ಬರುತ್ತಿತ್ತು.

"ಪೆನ್ಸಿಲ್ ನೋಡ್ರಿ, ನನ್ನಲ್ಲ," ಅಂತ ಅವನು ಗದರುವನು.

"ಪೆನ್ಸಿಲ್ ಹಿಂದೆ ನೀವೇ ಇದ್ದೀರಲ್ಲ. ನಾನೇನು ಮಾಡ್ಲಿ?"

ಅವನ ಕಿವಿ ಕೆಂಪಾಗುವುದು. ಪೆನ್ಸಿಲ್ ಒಂದು ಗಳಿಗೆ ದಾರಿ ತಪ್ಪುವುದು. ಅವಳಿಗೆ ಅದನ್ನು ನೋಡುವುದೇ ಒಂದು ಹಬ್ಬ.

ಅಂಥ ಒಂದು ದಿನ ಪೆನ್ಸಿಲ್ ನಡುವೆಯೇ ನಿಂತುಬಿಟ್ಟಿತು. ಅವನು ಅವಳ ಕಣ್ಣೊಳಗೇ ನೋಡುತ್ತಿದ್ದ. ನಗು ಇರಲಿಲ್ಲ. ಮುಖ ಬಿಳಿಚಿತ್ತು.

"ನಿಮ್ಮಕ್ಕನ ಹುಬ್ಬಿನ ಮೇಲೆ ಗಾಯದ ಗುರುತು ಇತ್ತೇನ್ರಿ?"

"ಕರು ಒದ್ದಿತ್ತು. ನಿಮಗೆ ಯಾರು ಹೇಳಿದ್ರು?"

ಅವನು ಪೆನ್ಸಿಲ್ ಕೆಳಗಿಟ್ಟ. "ನಿಮಗೆ ವಾಸಿಯಾಗೈತೆ. ಇನ್ನು ಬರಬ್ಯಾಡ್ರಿ."

ಅಷ್ಟೇ. ಕೊಟ್ರಮ್ಮ ಬಸ್ಸಿನ ಕಿಟಕಿಗೆ ಮುಖ ತಿರುಗಿಸಿಕೊಂಡು ಮತ್ತೋಡಿನವರೆಗೂ ಅತ್ತಳು. ಬೇಕಾದಾಗ ಆಡಿಸಿ, ಬೇಡವಾದಾಗ ಬಿಸಾಕೋಕೆ ತಾನೂ ಒಂದು ಪೆನ್ಸಿಲ್ಲಾ?

ಮರುದಿನ ಪೂಜೆಗೆ ಕುಂತಳು. ಅಂಗೈಯಲ್ಲಿ ಲಿಂಗ ಮಾತ್ರ ಇತ್ತು. ನೀರಿಲ್ಲ, ವಾಸನೆಯಿಲ್ಲ, ಅಕ್ಕನೂ ಇಲ್ಲ. ಹೊಟ್ಟೆ ತುಂಬಾ ಉಂಡಳು. ಉಂಡು ಕೈ ತೊಳೆಯುವಾಗ ತಟ್ಟನೆ ಹೊಳೆಯಿತು. ತನ್ನನ್ನು ಬಿಟ್ಟ ಅಕ್ಕ ಹೋದದ್ದಾದರೂ ಎಲ್ಲಿಗೆ? ಹುಬ್ಬಿನ ಗುರುತು ಕೇಳಿದವನ ಬಿಳಿಚಿದ ಮುಖ ನೆನಪಾಯಿತು.

ಮುಂದಿನ ಸಂತೆಗೆ ಅಪ್ಪ ಬೇಡವೆಂದರೂ ಬುತ್ತಿ ಕಟ್ಟಿಕೊಂಡು ಅವರ ಜೊತೆ ಹೊರಟಳು. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಹಾಡುಹಗಲು, ಹೊರಗೆ ರಣಬಿಸಿಲು. ಒಳಗೆ ಕಾಲಿಟ್ಟರೆ ಪಾಚಿಯ ವಾಸನೆ.

ಏಕಾಂತಪ್ಪ ಮೂಲೆಯಲ್ಲಿ ಕುಂತಿದ್ದ. ಅಂಗಿ ಮೈಮೇಲೆ ಜೋಲುತ್ತಿತ್ತು.

"ಉಂಡು ಎಷ್ಟು ದಿನ ಆಯ್ತ್ರಿ?"

"ಪೂಜೆ ಆಗ್ತಿಲ್ಲ," ಅಂದ. "ನಿಮ್ಮ ಕಣ್ಣಲ್ಲಿ ಕಂಡ ದಿನದಿಂದ ಅವರು ನನ್ನ ಅಂಗೈಲೇ ಇದ್ದಾರೆ. ಇರ್ಲಿ ಬಿಡ್ರಿ. ನಿಮ್ಮನ್ನ ಬಿಟ್ರಲ್ಲ, ನನಗೆ ಅಷ್ಟೇ ಸಾಕು."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಅವಳು ನನ್ನಕ್ಕ! ಇಟ್ಕೊಳ್ಳೋಕೆ ನೀವ್ಯಾರು?"

"ಯಾರಾದ್ರೂ ಆಗಬೇಕು ಅಂತ ಆಸೆ ಐತೆ," ಅಂದ ಅವನು, ನೆಲ ನೋಡುತ್ತ.

ಸಿಟ್ಟೆಲ್ಲ ಎಲ್ಲಿ ಹೋಯಿತೋ! ಅವಳು ಸ್ಟೂಲು ಎಳೆದುಕೊಂಡು ಎದುರಿಗೆ ಕುಂತಳು. ಅವನು ಕೊರಳಿನ ಕರಡಿಗೆಯಿಂದ ತನ್ನ ಲಿಂಗ ತೆಗೆದು ಅಂಗೈಯಲ್ಲಿಟ್ಟು ನೋಡಿದ. ಅವಳು ಕೆಂಪು ಪೆನ್ಸಿಲ್ ಎತ್ತಿದಳು.

"ತಲೆ ಅಲ್ಲಾಡಿಸಬ್ಯಾಡ್ರಿ. ಬರೀ ಕಣ್ಣು."

ಎಡಕ್ಕೆ, ಬಲಕ್ಕೆ. ಬೆವರು ಅವನ ಗದ್ದದಿಂದ ತೊಟ್ಟಿಕ್ಕಿತು.

"ಇಳಿದಳಾ?"

"ಇಲ್ಲ. ನನ್ನನ್ನ ನೋಡ್ತಾನೇ ಇಲ್ಲ ಅವರು. ನಿಮ್ಮ ಕಡೆ ನೋಡ್ತಾರೆ. ಏನೋ ಕೇಳ್ತಾರೆ, ತುಟಿ ಅಲ್ಲಾಡ್ತೈತೆ."

ಕೊಟ್ರಮ್ಮ ಪೆನ್ಸಿಲ್ ಆಡಿಸುತ್ತಲೇ ಇದ್ದಳು. ಯಾಕೆ ನನ್ನ ಬಿಟ್ಟು ಉಳಿದೆ ಅಂತ ಅಕ್ಕ ಕೇಳುತ್ತಾಳೆ ಅನ್ನುವುದೇ ಅವಳ ಒಂದು ವರ್ಷದ ಭಯ. "ಏನಂತಾಳೆ, ಹೇಳ್ರಿ."

ಅವನು ಬಹಳ ಹೊತ್ತು ಆ ತುಟಿಗಳನ್ನೇ ಓದಿದ.

"'ಉಂಡ್ಯಾ?' ಅಂತಾರೆ."

ಬದುಕಿದ್ದಾಗ ದಿನಾ ಸಂಜೆ ಅಂಗಳಕ್ಕೆ ಬಂದು ಅಕ್ಕ ಕೇಳುತ್ತಿದ್ದದ್ದು ಅದೊಂದೇ. ಬಾವಿಯ ತಳದಿಂದಲೂ ಅದನ್ನೇ ಕೇಳಲು ಬರುತ್ತಿದ್ದಳು, ಇವಳು ಹೆದರಿ ಉಪವಾಸ ಏಳುತ್ತಿದ್ದಳು. ಕೊಟ್ರಮ್ಮ ಅತ್ತುಬಿಟ್ಟಳು. "ಉಂಡೆ ಅಕ್ಕಾ. ಹೊಟ್ಟೆ ತುಂಬಾ ಉಂಡೆ. ಇವರಿಗೂ ಉಣ್ಣಿಸ್ತೀನಿ. ನೀನು ಹೋಗು."

ಅವನು ಉಸಿರು ಬಿಟ್ಟ. ಪಾಚಿಯ ವಾಸನೆ ಹೋಗಿ ಬುತ್ತಿಯ ಬೆಳ್ಳುಳ್ಳಿ ಚಟ್ನಿಯ ವಾಸನೆ ಬಂತು.

ಪೂಜೆ ಮುಗಿಯಿತು. ಒಂದೇ ಬಟ್ಟೆಯ ಮೇಲೆ ರೊಟ್ಟಿ ಬಿಚ್ಚಿ ಇಬ್ಬರೂ ಕುಂತಾಗ ಬಾಗಿಲಲ್ಲಿ ಗಂಗಾಧರಪ್ಪ ನಿಂತಿದ್ದರು.

"ಏನಪ್ಪ, ಇದೂ ನಿನ್ನ ಚಿಕಿತ್ಸೇನಾ?"

"ಹೂಂ ಕಣ್ರಿ," ಅಂದ ಏಕಾಂತಪ್ಪ. "ಇದು ದಿನಾ ಆಗಬೇಕು. ನೀವು ಒಪ್ಪಿದ್ರೆ."

ಗಂಗಾಧರಪ್ಪ ಮಗಳ ಮುಖ ನೋಡಿದರು, ನಡುವಿನ ಬುತ್ತಿ ನೋಡಿದರು. ಕೊಟ್ರಮ್ಮ ಒಂದು ರೊಟ್ಟಿ ತೆಗೆದು, ಚಟ್ನಿ ಹಚ್ಚಿ, ಯಾರೂ ಕುಂತಿರದ ಪಕ್ಕದಲ್ಲಿ ಇಡುತ್ತಿದ್ದಳು. ಯಾರಿಗೆ ಅಂತ ಅವರು ಕೇಳಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು ಕುಂತರು.