ಹದಿನೆಂಟು ವರ್ಷ ನಿಂತಿದ್ದ ಫಿಯೆಟ್

2024ರ ನವೆಂಬರ್ 12, ಮಂಗಳವಾರ ಬೆಳಿಗ್ಗೆ 10.40ಕ್ಕೆ ಹಿರಿಯೂರು ಗ್ರಾಮಾಂತರ ಠಾಣೆಯ ಮೆಟ್ಟಿಲು ಹತ್ತಿ ಬಂದ ರುದ್ರಮ್ಮನವರಿಗೆ ಎಪ್ಪತ್ತು ದಾಟಿತ್ತು. ಕೊಬ್ಬರಿ ಮಂಡಿ ನಡೆಸುತ್ತಿದ್ದ ಶಿವಕುಮಾರಪ್ಪನವರ ಹೆಂಡತಿ ಎಂದರೆ ಠಾಣೆಯ ಹಳಬರಿಗೆಲ್ಲ ಗೊತ್ತು. ಶಿವಕುಮಾರಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಸಬ್ ಇನ್‌ಸ್ಪೆಕ್ಟರ್ ಶಾಂತಿ ಹೊಸದುರ್ಗದವಳು, ಇಲ್ಲಿಗೆ ವರ್ಗವಾಗಿ ಬಂದು ನಾಲ್ಕೇ ತಿಂಗಳು, ಅವಳಿಗೆ ಗೊತ್ತಿರಲಿಲ್ಲ. ಕುರ್ಚಿ ಎಳೆದುಕೊಟ್ಟು ಕೇಳಿದಳು.

"ಏನಮ್ಮ ಕಳುವಾಗಿರೋದು?"

"ಕಾರು ಕಣಮ್ಮ. ಫಿಯೆಟ್ಟು. ಬಬ್ಬೂರು ರಸ್ತೆ ತೋಟದ ಶೆಡ್ಡಿನಾಗಿತ್ತು."

"ಕೊನೆಗೆ ಯಾವಾಗ ಓಡಿಸಿದ್ರಿ?"

"ಹದಿನೆಂಟು ವರ್ಷದಿಂದ ಓಡಿಸಿಲ್ಲ."

ಶಾಂತಿ ಪೆನ್ನು ಕೆಳಗಿಟ್ಟಳು. "ಓಡದೇ ಇರೋ ಕಾರನ್ನ ಹೆಂಗೆ ತಗೊಂಡು ಹೋದ್ರು?"

"ನನಗೂ ಅದೇ ತಿಳೀತಿಲ್ಲ. ರಸ್ತೆ ಅಗಲ ಮಾಡ್ತಾರಂತೆ, ಶೆಡ್ಡು ಕೆಡವಬೇಕು. ಈ ಗುರುವಾರ ಗುಜರಿಯವನಿಗೆ ಬಾ ಅಂದಿದ್ದೆ. ಇವತ್ತು ಹೋಗಿ ನೋಡಿದ್ರೆ ಬೀಗ ಹಾಕಿದ್ದು ಹಾಕಿದಂಗೇ ಐತೆ, ಒಳಗೆ ಕಾರಿಲ್ಲ."

ಗುಜರಿಗೆ ಹಾಕುವ ಕಾರಿಗೂ ದೂರೇ ಎಂದು ರೈಟರ್ ಗೊಣಗಿದ್ದು ರುದ್ರಮ್ಮನವರ ಕಿವಿಗೆ ಬಿತ್ತು. "ನಾನಾಗಿ ಕೊಡೋದು ಬೇರೆ, ಹೇಳ್ದೆ ತಗೊಂಡು ಹೋಗೋದು ಬೇರೆ," ಎಂದರು.

11.25ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 303(2), ಕಳವು.

ಮಧ್ಯಾಹ್ನ 12.30ಕ್ಕೆ ಶಾಂತಿ ಹೆಡ್ ಕಾನ್‌ಸ್ಟೆಬಲ್ ತಿಪ್ಪಯ್ಯನನ್ನು ಕರೆದುಕೊಂಡು ತೋಟಕ್ಕೆ ಹೋದಳು. ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕೂಡಿಸಿ ಸ್ಥಳ ಪಂಚನಾಮೆ ಶುರುವಾಯಿತು. ಶೆಡ್ಡಿನ ನೆಲದಲ್ಲಿ ಕಾರು ನಿಂತಿದ್ದಷ್ಟು ಜಾಗ ಮಾತ್ರ ಬೇರೆ ಬಣ್ಣಕ್ಕಿತ್ತು. ಒಂದು ಮೂಲೆಯಲ್ಲಿ ಕಾರಿನೊಳಗಿಂದ ಎಳೆದು ತೆಗೆದ ಇಲಿಗೂಡು, ಟ್ಯಾಂಕಿನಿಂದ ಇಳಿಸಿದ ಕೆಂಪು ತುಕ್ಕಿನ ಪೆಟ್ರೋಲು ತುಂಬಿದ ಡಬ್ಬ, ಸತ್ತುಹೋದ ಹಳೆಯ ಬ್ಯಾಟರಿ. ಗೋಡೆ ಪಕ್ಕ ಗೋಣಿಚೀಲ ಹಾಸಿ, ಬಿಚ್ಚಿದ ಸಾಮಾನುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು: ನಾಲ್ಕು ಪ್ಲಗ್, ಬಿರುಕುಬಿಟ್ಟ ಫ್ಯಾನ್ ಬೆಲ್ಟ್, ಗಟ್ಟಿಯಾಗಿ ಹೋದ ರಬ್ಬರ್ ಪೈಪುಗಳು.

ತಿಪ್ಪಯ್ಯ ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಗೋಡೆಯ ಬುಡ ತೋರಿಸಿದ. ಮೊಣಕಾಲೆತ್ತರದಲ್ಲಿ ಹೊಸ ಮಸಿ ಹಿಡಿದಿತ್ತು.

"ಹೊಗೆ ಮಸಿ ಮೇಡಂ. ಗಾಡಿ ಇಲ್ಲೇ ಸ್ಟಾರ್ಟ್ ಆಗೈತೆ. ಲಾರಿನೂ ಬಂದಿಲ್ಲ, ಹಗ್ಗನೂ ಕಟ್ಟಿಲ್ಲ. ತನ್ನ ಚಕ್ರದ ಮೇಲೇ ಹೋಗೈತೆ."

"ಹದಿನೆಂಟು ವರ್ಷ ನಿಂತಿದ್ದು ಸ್ಟಾರ್ಟ್ ಆಗ್ತದಾ?"

"ಸುಮ್ಮನೆ ಆಗಲ್ಲ. ಎಂಜಿನ್ ಹಿಡ್ಕಂಡಿರ್ತದೆ. ಪ್ಲಗ್ ಬಿಚ್ಚಿ ಎಣ್ಣೆ ಬಿಟ್ಟು, ವಾರಗಟ್ಟಲೆ ನೆನೆಯೋಕೆ ಬಿಟ್ಟು, ಆಮೇಲೆ ಕೈಯಾಗೆ ಒಂದೊಂದೇ ಇಂಚು ತಿರುಗಿಸಬೇಕು. ಎರಡು ತಿಂಗಳ ಕೆಲಸ ಇದು. ಕಳ್ಳನಿಗೆ ಇಷ್ಟು ತಾಳ್ಮೆ ಇರಲ್ಲ ಮೇಡಂ."

ಬೀಗ ಒಡೆದಿರಲಿಲ್ಲ. ಶಾಂತಿ ರುದ್ರಮ್ಮನವರತ್ತ ತಿರುಗಿದಳು. "ಕೀಲಿ ಯಾರ್ಯಾರ ಹತ್ರ ಐತಮ್ಮ?"

"ಒಂದು ನನ್ನತ್ರ. ಇನ್ನೊಂದು ನಮ್ಮ ಡ್ರೈವರ್ ಚಿಕ್ಕತಿಮ್ಮಪ್ಪನ ಹತ್ರ. ಈಗಲೂ ತೋಟದ ಮೋಟರ್ ನೋಡಾಕೆ ಅವನೇ ಬರೋದು." ಹೇಳಿ ಮುಗಿಸುವಷ್ಟರಲ್ಲಿ ಆಕೆಯ ಮುಖ ಬದಲಾಯಿತು. "ಅವನಲ್ಲ ಬಿಡಮ್ಮ. ಅವನು ಕೇಳಿದ್ರೆ ಸುಮ್ಮನೆ ಕೊಡ್ತಿದ್ದೆನಲ್ಲ."

"ಕಾರು ಯಾಕೆ ನಿಲ್ಲಿಸಿದ್ರಿ?"

ರುದ್ರಮ್ಮ ತೆಂಗಿನ ಮರದ ನೆರಳಿಗೆ ಸರಿದರು. 2006ರಲ್ಲಿ ಭರಮಸಾಗರದ ಹತ್ತಿರ ಆ ಕಾರಿಗೆ ಸಿಕ್ಕು ಒಬ್ಬ ಕುರಿ ಕಾಯುವವನು ಸತ್ತಿದ್ದ. ಚಿಕ್ಕತಿಮ್ಮಪ್ಪ ಓಡಿಸುತ್ತಿದ್ದ. ಕುರಿ ಅಡ್ಡ ಬಂದವು, ಬ್ರೇಕ್ ಹಿಡಿಯಲಿಲ್ಲ ಎಂದು ಹೇಳಿದ. ಮೂರು ವರ್ಷ ನಡೆದ ಕೇಸಿನಲ್ಲಿ ಬಿಡುಗಡೆಯಾಯಿತು.

"ಬ್ರೇಕ್ ಒಂದ್ಸಲ ನೋಡ್ಸಾಣ ಅಂತ ಅವನು ಮೊದಲೇ ಅಂದಿದ್ನಂತೆ. ಮುಂದಿನ ವಾರ ನೋಡಾಣ ಅಂದಿದ್ರಂತೆ ನಮ್ಮ ಯಜಮಾನ್ರು. ಆಮೇಲೆ ಆ ಗಾಡಿ ಹತ್ರ ಹೋಗ್ಲಿಲ್ಲ. ನನ್ನಿಂದ ಒಂದು ಜೀವ ಹೋಯ್ತು ರುದ್ರಿ ಅಂತ ಸಾಯೋವರೆಗೂ ಅಂತಿದ್ರು."

ಮಧ್ಯಾಹ್ನ 3 ಗಂಟೆಗೆ ಹಿರಿಯೂರು ಪೇಟೆಯ ಬಿಡಿಭಾಗಗಳ ಅಂಗಡಿಯಲ್ಲಿ ವಿಚಾರಣೆ ನಡೆಯಿತು. ಹಳೆಯ ಫಿಯೆಟ್‌ಗೆ ಯಾರಾದರೂ ಸಾಮಾನು ಕೇಳಿದ್ದರೇ ಎಂದಾಗ ಅಂಗಡಿಯ ಚಂದ್ರು ಯೋಚಿಸಲೂ ಇಲ್ಲ.

"ಚಿಕ್ಕತಿಮ್ಮಪ್ಪಣ್ಣ ಮೇಡಂ. ಪ್ಲಗ್ಗು, ಪಾಯಿಂಟು ಇಲ್ಲೇ ಸಿಕ್ಕವು. ಬ್ರೇಕಿನ ಪೈಪಿಗೆ, ರಬ್ಬರಿಗೆ ಇಪ್ಪತ್ತು ದಿನ ಕಾದ. ದಾವಣಗೆರೆಯಿಂದ ತರಿಸಿಕೊಟ್ಟೆ."

"ಯಾವ ಗಾಡಿಗೆ ಅಂದ?"

"ಕೇಳ್ದೆ. ನಿಂತೋಗಿರೋದಕ್ಕೆ ಅಂದ, ಅಷ್ಟೇ."

ಚಿಕ್ಕತಿಮ್ಮಪ್ಪ ಮನೆಯಲ್ಲಿರಲಿಲ್ಲ. ಫೋನು ಗೋಡೆಯ ಗೂಡಿನಲ್ಲೇ ಇತ್ತು. ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋದವರು ಬಂದಿಲ್ಲ ಎಂದಳು ಸೊಸೆ. ಸಂಜೆ ಹೆದ್ದಾರಿಯ ಟೋಲ್ ಕ್ಯಾಮೆರಾದ ಚಿತ್ರ ತರಿಸಿ ನೋಡಿದಾಗ, ಭಾನುವಾರ 11.52ಕ್ಕೆ ಚಿತ್ರದುರ್ಗದ ಕಡೆ ಹೋಗುವ ಸಾಲಿನಲ್ಲಿ ಎರಡು ಲಾರಿಗಳ ನಡುವೆ ಬಿಳಿ ಫಿಯೆಟ್ ನಿಂತಿತ್ತು. ಎಡಗಡೆ ಮಡ್‌ಗಾರ್ಡ್ ಒಳಕ್ಕೆ ಬಾಗಿತ್ತು. ಸ್ಟಿಯರಿಂಗ್ ಹಿಂದೆ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟ ಮುದುಕ, ಎರಡೂ ಕೈ ಚಕ್ರದ ಮೇಲೆ.

"ಕದ್ದ ಗಾಡಿನ ಹಾಡುಹಗಲೇ ಟೋಲಿನಾಗೆ ತಗೊಂಡು ಹೋಗ್ಯಾನಲ್ಲ," ಎಂದ ತಿಪ್ಪಯ್ಯ.

ಭರಮಸಾಗರವೂ ಅದೇ ದಾರಿಯಲ್ಲಿತ್ತು. ಶಾಂತಿ ಅಲ್ಲಿನ ಠಾಣೆಗೆ ಫೋನ್ ಮಾಡಿ 2006ರ ಅಪಘಾತದ ವಿವರ ಕೇಳಿದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ದಿನಾಂಕ ಮಾರ್ಚ್ 9, ಬೆಳಿಗ್ಗೆ 9.15. ಮೃತ ಬೀರಪ್ಪ, 41 ವರ್ಷ. ಹೆಂಡತಿ ಕಾಳಕ್ಕ, ಭರಮಸಾಗರದ ಕೆರೆ ಹಿಂದಿನ ಹಟ್ಟಿಯಲ್ಲಿ ಈಗಲೂ ಇದ್ದಾಳೆ. ಬ್ರೇಕ್ ಪೈಪು ತುಂಡಾಗಿತ್ತು. ಅಪಘಾತಕ್ಕೆ ಮೊದಲೇ ತುಂಡಾಗಿತ್ತೋ, ಕಾರು ಮರಕ್ಕೆ ಗುದ್ದಿದಾಗ ತುಂಡಾಯಿತೋ ಹೇಳಲಾಗದು ಎಂದು ವಾಹನ ಪರೀಕ್ಷಕರು ಬರೆದಿದ್ದರು. ಆ ಸಂಶಯದ ಮೇಲೆ ಬಿಡುಗಡೆ.

"ಬೆಳಿಗ್ಗೆ ಭರಮಸಾಗರಕ್ಕೆ ಹೋಗಾಣ," ಎಂದಳು.

ಬುಧವಾರ 9.40ಕ್ಕೆ ಜೀಪು ಹಟ್ಟಿ ತಲುಪಿತು. ಹುಡುಕುವ ಕಷ್ಟವೇ ಇರಲಿಲ್ಲ. ಬೇವಿನ ಮರದ ಕೆಳಗೆ ಫಿಯೆಟ್ ನಿಂತಿತ್ತು, ಒರೆಸಿ ಹೊಳೆಯುತ್ತಿತ್ತು, ಬಾಗಿದ ಮಡ್‌ಗಾರ್ಡ್ ಒಂದನ್ನು ಬಿಟ್ಟು. ಅದರ ಪಕ್ಕ ಕಲ್ಲಿನ ಮೇಲೆ ಕೂತಿದ್ದ ಚಿಕ್ಕತಿಮ್ಮಪ್ಪ ಜೀಪು ಕಂಡು ಎದ್ದು ನಿಂತ. ಗುಡಿಸಲ ಬಾಗಿಲಲ್ಲಿ ಕಾಳಕ್ಕ ಕಂಬಳಿ ಹೊದ್ದು ನಿಂತಿದ್ದಳು.

"ಈ ಕಾರು ತಂದಿದ್ದು ನೀನೇನಪ್ಪ?"

"ಹೂಂ ಮೇಡಂ."

"ರುದ್ರಮ್ಮನೋರನ್ನ ಕೇಳಿದ್ಯಾ?"

"ಇಲ್ಲ. ಕದ್ದಂಗೇ ಲೆಕ್ಕ."

"ಯಾಕೆ ತಂದೆ?"

ಅವನು ಕಾಳಕ್ಕನ ಕಡೆ ನೋಡಿದ. ಅವನು ಮಡ್‌ಗಾರ್ಡ್ ಹತ್ತಿರ ಹೋಗಿ, "ಬರ್ರಿ ಮೇಡಂ, ಇಲ್ಲಿ ಬಗ್ಗಿ ನೋಡ್ರಿ," ಎಂದ.

ಇಪ್ಪತ್ತೆರಡು ವರ್ಷ ಓಡಿಸಿದ ಗಾಡಿ. ಆಗಸ್ಟ್‌ನಲ್ಲಿ ರುದ್ರಮ್ಮ ಅದನ್ನು ಗುಜರಿಗೆ ಹಾಕುತ್ತೇನೆ ಎಂದಾಗ, ಹೋಗುವ ಮುಂಚೆ ಒಂದು ಸಲ ಅದರ ಎಂಜಿನ್ ಸದ್ದು ಕೇಳೋಣ ಎಂದಷ್ಟೇ ಅವನಿಗಿದ್ದದ್ದು. ಮೋಟರ್ ನೋಡುವ ನೆಪದಲ್ಲಿ ದಿನಾ ಬಂದು ಒಂದು ಗಂಟೆ ಕೆಲಸ ಮಾಡಿದ. ಎಂಜಿನ್ ಬಿಟ್ಟುಕೊಂಡಿತು. ಕಾರ್ಬುರೇಟರ್ ತೊಳೆದ. ಕೊನೆಗೆ ಬ್ರೇಕಿಗೆ ಕೈ ಹಾಕಿ ಚಕ್ರ ಬಿಚ್ಚಿದ.

"ಬ್ರೇಕ್ ಆಯಿಲ್ ಬಣ್ಣ ತಿಂತದೆ ಮೇಡಂ. ಪೈಪು ಮೊದಲೇ ಒಡೆದು ಸೋರಿದ್ರೆ, ಅದು ಹರಿದ ದಾರಿ ಉದ್ದಕ್ಕೂ ಬಣ್ಣ ಎದ್ದಿರಬೇಕು. ಎಲ್ಲೂ ಎದ್ದಿಲ್ಲ. ಮರಕ್ಕೆ ಗುದ್ದಿ ತಗಡು ಬಾಗೈತಲ್ಲ, ಆ ಮಡಿಕೆ ಒಳಗೆ ಮಾತ್ರ ಎದ್ದೈತೆ. ತಗಡು ಬಾಗಿದ ಮೇಲೆ ಆಯಿಲ್ ಬಿದ್ದಿರೋದು."

"ಅಂದ್ರೆ?"

"ಅಂದ್ರೆ ಮರಕ್ಕೆ ಗುದ್ದೋವರೆಗೂ ಬ್ರೇಕ್ ಚೆನ್ನಾಗೇ ಇತ್ತು. ನಾನು ಒತ್ತಿಲ್ಲ."

"ಕೋರ್ಟಿನಾಗೆ ಒತ್ತಿದೆ ಅಂದಿದ್ದೆ."

"ಒತ್ತಿದ್ದು ನೆನಪೈತೆ. ಪೆಡಲು ತಳಕ್ಕೆ ಹೋಗಿದ್ದೂ ನೆನಪೈತೆ. ಕಣ್ಣ ಮುಂದೆ ಕುರಿ ಕಂಡಿದ್ದೂ ನೆನಪೈತೆ. ಕುರಿ ಅಡ್ಡ ಬಂದವು, ಬ್ರೇಕ್ ಹಿಡೀಲಿಲ್ಲ, ಹಿಂಗೇ ಆಗಿದ್ದು ಅಂತ ನಾನೂ ನಂಬಿದ್ದೆ. ಅವತ್ತಿನ ಹಿಂದಿನ ರಾತ್ರಿಯೆಲ್ಲ ಬೆಂಗಳೂರಿಂದ ಗಾಡಿ ಓಡಿಸ್ಕಂಡು ಬಂದಿದ್ದೆ. ಸಾವ್ಕಾರ್ರು ಮಲಗು ಅಂದ್ರು, ನಾನೇ ಕೇಳ್ದೆ ಬೆಳಿಗ್ಗೆ ಮತ್ತೆ ಗಾಡಿ ತೆಗೆದೆ." ಅವನು ತಗಡಿನ ಮೇಲಿಂದ ಕೈ ತೆಗೆದ. "ನಿದ್ದೆ ಹತ್ತಿತ್ತು ಮೇಡಂ. ನಾನು ಕಣ್ಣು ಬಿಟ್ಟಿದ್ದು ಗುದ್ದಿದ ಮೇಲೆ. ಕುರಿ ಕಂಡಿದ್ದು, ಪೆಡಲು ಒತ್ತಿದ್ದು ಎಲ್ಲ ಆಮೇಲೆ. ಕುರಿ ರಸ್ತೆ ಮೇಲಲ್ಲ, ಮರದ ಆಚೆ ಹೊಲದಾಗಿದ್ದವು, ಗಾಡಿನೇ ರಸ್ತೆ ಬಿಟ್ಟು ಹೋಗಿತ್ತು."

ಶಾಂತಿಯ ಅಪ್ಪ ಮೂವತ್ತು ವರ್ಷ ಬಸ್ಸು ಓಡಿಸಿದವನು. ಕಣ್ಣು ಮುಚ್ಚಿದ ಗಳಿಗೆ ಮುಚ್ಚಿದವನಿಗೇ ಗೊತ್ತಾಗುವುದಿಲ್ಲ, ಎಚ್ಚರವೇ ಇದ್ದೆ ಅಂತ ಆಣೆ ಮಾಡುತ್ತಾನೆ ಎಂದು ಅವನು ಹೇಳುತ್ತಿದ್ದ. ಅವಳು ಎದುರಿಗಿದ್ದ ಮುದುಕನನ್ನು ನೋಡಿದಳು. ಈ ಮಾತು ಹೇಳಿ ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಬಿಡುಗಡೆಯಾದ ಕೇಸನ್ನು ಯಾವ ನ್ಯಾಯಾಲಯವೂ ಮತ್ತೆ ತೆರೆಯುವುದಿಲ್ಲ.

"ಬಾಯಲ್ಲಿ ಬಂದು ಹೇಳಬಹುದಿತ್ತಲ್ಲ. ಕಾರು ಯಾಕೆ?"

"ಕೋರ್ಟಿನಾಗೂ ಬಾಯಲ್ಲೇ ಹೇಳಿದ್ದು. ನನ್ನ ಬಾಯಿ ಮಾತು ಈಯಮ್ಮ ಯಾಕೆ ನಂಬಬೇಕು? ಗುರುವಾರ ಗಾಡಿ ಗುಜರಿಗೆ ಹೋದ್ರೆ ಈ ತಗಡೂ ಹೋಗ್ತಿತ್ತು."

"ರುದ್ರಮ್ಮನೋರು ಕೇಳಿದ್ರೆ ಕೊಡ್ತಿದ್ರು."

"ಯಾಕೆ ಅಂತ ಕೇಳ್ತಿದ್ರಲ್ಲ ಮೇಡಂ." "ನನ್ನ ತಪ್ಪು ಹೊತ್ಕಂಡು ಸತ್ರು ಸಾವ್ಕಾರ್ರು. ಆಯಮ್ಮನ ಮುಖ ನೋಡಿ ಹೇಳಾಕೆ ಆಗ್ಲಿಲ್ಲ."

ಕಾಳಕ್ಕ ಆಗ ಬಾಗಿಲು ಬಿಟ್ಟು ಹೊರಗೆ ಬಂದಳು.

"ಭಾನುವಾರ ಬಂದು ಇದನ್ನೇ ಹೇಳ್ದ ತಾಯಿ. ಹೋಗು ಅಂತಲೂ ಅನ್ನಲಿಲ್ಲ ನಾನು, ಇರು ಅಂತಲೂ ಅನ್ನಲಿಲ್ಲ. ಇಲ್ಲೇ ಕುಂತವ್ನೆ. ಮುದ್ದೆ ಇಟ್ಟೆ, ಉಂಡ." ಆಕೆ ಕಾರಿನ ಕಡೆ ನೋಡದೆ ಶಾಂತಿಯ ಮುಖವನ್ನೇ ನೋಡುತ್ತಿದ್ದಳು. "ನನ್ನ ಗಂಡ ಕುರಿನ ರಸ್ತೆಗೆ ಬಿಟ್ಟು ಕುಂತಿದ್ದ, ಅದಕ್ಕೇ ಸತ್ತ ಅಂತ ಊರೆಲ್ಲ ಅಂದ್ರು. ನನ್ನ ಮಕ್ಕಳೂ ಅಂದ್ರು. ನಾನೂ ಅಂದೆ. ಎಂಟು ದಿನ ಅತ್ತು, ಹದಿನೆಂಟು ವರ್ಷ ಬೈದಿವ್ನಿ ಆ ಮನುಷ್ಯನ್ನ. ಅವನು ಕುರಿನೆಲ್ಲ ಹೊಲದೊಳಗೆ ಹಾಕ್ಕಂಡು ಮರದ ಬುಡದಾಗೆ ಕುಂತಿದ್ದ. ನೀವು ಬರ್ಕಂತೀರಾ?"

"ಏನಂತ ಬರೀಲಿ?"

"ಕುರಿ ರಸ್ತೆ ಮ್ಯಾಲೆ ಇರ್ಲಿಲ್ಲ ಅಂತ."

ಅದು ಕಾರು ಕಳವಿನ ಪ್ರಕರಣ. ಆ ವಾಕ್ಯಕ್ಕೆ ಅದರಲ್ಲಿ ಹೆಚ್ಚಿನ ಜಾಗವಿರಲಿಲ್ಲ. ಶಾಂತಿ ಬಾನೆಟ್ ಮೇಲೆ ಕಾಗದವಿಟ್ಟು ಕಾಳಕ್ಕನ ಹೇಳಿಕೆಯಲ್ಲಿ ಅದನ್ನು ಬರೆದಳು, ಆರೋಪಿಯ ಹೇಳಿಕೆಯಲ್ಲೂ ಬರೆದಳು, ಎರಡನ್ನೂ ಗಟ್ಟಿಯಾಗಿ ಓದಿ ಹೇಳಿದಳು. ಕಾಳಕ್ಕ ಇನ್ನೊಂದು ಸಲ ಓದಿಸಿದಳು. ಆಮೇಲೆ ಹಟ್ಟಿಯ ಕಡೆ ತಿರುಗಿ, "ಲೇ ಪರಮೇಶ, ಬಾರೋ ಇಲ್ಲಿ," ಎಂದು ಮಗನನ್ನು ಕೂಗಿ ಕರೆದು, ಅವನ ಎದುರಿಗೆ ಮೂರನೇ ಸಲ ಓದಿಸಿದಳು. ಪರಮೇಶನಿಗೆ ಮೂವತ್ತಾಗಿತ್ತು. ಕೇಳಿ ತಲೆ ತಗ್ಗಿಸಿ ನಿಂತ.

ಹಟ್ಟಿಯ ಇಬ್ಬರು ಪಂಚರ ಎದುರಿಗೆ ಕಾರು ಜಪ್ತಿಯಾಯಿತು. ಇಂಥ ಪ್ರಕರಣದಲ್ಲಿ ನೋಟಿಸ್ ಕೊಟ್ಟು ಮನೆಗೆ ಕಳಿಸಬಹುದು ಎಂದು ಶಾಂತಿ ಹೇಳಿದಳು. ಚಿಕ್ಕತಿಮ್ಮಪ್ಪ ಒಪ್ಪಲಿಲ್ಲ.

"ಅವತ್ತು ಹಿಡಿದು ಬಿಟ್ರಿ. ಇವತ್ತು ಕರ್ಕಂಡೇ ಹೋಗ್ರಿ ಮೇಡಂ."

ಬೆಳಿಗ್ಗೆ 11.35ಕ್ಕೆ ದಸ್ತಗಿರಿ ಮೆಮೊಗೆ ಅವನು ಸಹಿ ಹಾಕಿದ. ಫಿಯೆಟ್ಟನ್ನು ತಿಪ್ಪಯ್ಯ ಓಡಿಸಿದ. ಚಿಕ್ಕತಿಮ್ಮಪ್ಪ ಜೀಪಿನ ಹಿಂದೆ ಕೂತು ದಾರಿಯುದ್ದಕ್ಕೂ ಹಿಂದೆ ಬರುತ್ತಿದ್ದ ಕಾರನ್ನೇ ನೋಡುತ್ತಿದ್ದ. ಒಮ್ಮೆ ಮಾತ್ರ, "ಮೂರನೇ ಗೇರು ಸ್ವಲ್ಪ ಬಿಗಿ, ಅವರಿಗೆ ಹೇಳ್ಬೇಕಿತ್ತು," ಎಂದ.

ಮಧ್ಯಾಹ್ನ 1.20ಕ್ಕೆ ಠಾಣೆಯಲ್ಲಿ ರುದ್ರಮ್ಮ ಕಾಯುತ್ತಿದ್ದರು. ಶಾಂತಿ ಅವರನ್ನು ಒಳಗಿನ ಕೋಣೆಗೆ ಕರೆದೊಯ್ದು ನಡೆದದ್ದನ್ನೆಲ್ಲ ತಾನೇ ಹೇಳಿದಳು. ರುದ್ರಮ್ಮ ಎದ್ದು ಹೊರಗೆ ಬಂದು ಚಿಕ್ಕತಿಮ್ಮಪ್ಪನ ಎದುರಿಗೆ ನಿಂತರು. ಅವನು ತಲೆ ಎತ್ತಲಿಲ್ಲ.

"ಆರು ವರ್ಷದ ಹಿಂದೆ ಗೊತ್ತಾಗಿದ್ರೆ ಅವರೂ ಕೇಳಿಸ್ಕಂಡು ಹೋಗ್ತಿದ್ರು," ಎಂದರು. ದೂರು ವಾಪಸ್ ತಗೊಳ್ಳುವ ಮಾತು ಅವರು ಎತ್ತಲಿಲ್ಲ, ಶಾಂತಿಯೂ ಕೇಳಲಿಲ್ಲ. ಆದರೆ ಹೋಗುವಾಗ ತಿಪ್ಪಯ್ಯನ ಹತ್ತಿರ, "ಅವನು ಬೆಳಿಗ್ಗೆಯಿಂದ ಏನಾದ್ರೂ ತಿಂದವನಾ?" ಎಂದು ಕೇಳಿದರು.

ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಬಂದ ಮೇಲೆ, ಸಂಜೆ 5.50ಕ್ಕೆ ಶಾಂತಿ ಕೇಸ್ ಡೈರಿ ಬರೆಯಲು ಕೂತಳು. ಕೃತ್ಯದ ಉದ್ದೇಶ ಬರೆಯುವಲ್ಲಿಗೆ ಬಂದಾಗ ಕೈ ನಿಂತಿತು. ಸ್ವಂತ ಲಾಭಕ್ಕಾಗಿ ಎಂದು ಬರೆಯುವುದು ಆ ಠಾಣೆಯ ರೂಢಿ. ಅವಳು ಬರೆದದ್ದು ಇಷ್ಟು: ತಾನು ನಿದ್ದೆ ಹೋಗಿದ್ದೆನೆಂಬುದು ಆರೋಪಿಗೆ ಹದಿನೆಂಟು ವರ್ಷಗಳ ನಂತರ ತಿಳಿಯಿತು. ತಿಳಿದ ಮೇಲೆ, ಅದನ್ನು ಕೇಳಬೇಕಾದವರಿಗೆ ತೋರಿಸಿ ಹೇಳಲು ಕಾರನ್ನು ತೆಗೆದುಕೊಂಡು ಹೋಗಿರುತ್ತಾನೆ.