ಒಂದೇ ಕಾರಿಗೆ ಎರಡು ಪಾಲಿಸಿ

“ಎರಡು ಗಂಟೆಯಿಂದ ಕೂತಿದ್ದೀನಿ! ಸೇಠ್‌ಗೆ ಕಾರು ಬೇಕು, ಕಾರಿಗೆ ವಿಮೆ ಬೇಕು... ವಿಮೆ ಮಾಡೋನ ಮುಖ ನೋಡೋಕೆ ಮಾತ್ರ ಪುರುಸೊತ್ತಿಲ್ಲ, ಅಲ್ವಾ?”

ಆ ಯುವಕ ಹಿಂದಿಯಲ್ಲಿ ಕೂಗಿದ ರಭಸಕ್ಕೆ, ಅಹಮದಾಬಾದಿನ ಶಾಹಿಬಾಗ್ ಬಂಗಲೆಯ ವರಾಂಡದಲ್ಲಿ ಮಲಗಿದ್ದ ನಾಯಿ ಎದ್ದು ಹೊರಗೆ ಹೋಯಿತು.

ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಇಂದುಮತಿ ಬೆಚ್ಚಿದಳು. ರಿಲೀಫ್ ರಸ್ತೆಯ ಒಂದು ವಿಮಾ ಕಂಪನಿಯಲ್ಲಿ ಅವಳು ಟೈಪಿಸ್ಟ್. ಇನ್ಸ್‌ಪೆಕ್ಟರಿಗೆ ಜ್ವರ ಬಂದಿದ್ದರಿಂದ ಮ್ಯಾನೇಜರು ಫಾರಂ ಕೊಟ್ಟು ಅವಳನ್ನೇ ಕಳಿಸಿದ್ದರು. ಈ ಸಿಡುಕ ಎದುರಾಳಿ ಕಂಪನಿಯ ಏಜೆಂಟನಿರಬೇಕು!

ಗುಮಾಸ್ತ ಓಡಿ ಬಂದ. “ಹಯವದನ್ ಭಾಯಿ, ಶಾಂತಿ ರಾಖೋ...”

ಹಯವದನ!

ಇಂದುಮತಿ ಅವನತ್ತ ತಿರುಗಿದಳು. ಈ ಹೆಸರು ಗುಜರಾತಿನಲ್ಲಿ ಹುಟ್ಟೋದಲ್ಲ...

“ನೀವು... ಕನ್ನಡದವ್ರೇನ್ರಿ?”

ಅವನ ಸಿಟ್ಟು ಅರ್ಧದಲ್ಲೇ ನಿಂತುಹೋಯಿತು. “ಮೈಸೂರು. ನೀವು?”

“ಧಾರವಾಡದಾಕಿ...” ಅವಳ ಕಣ್ಣು ತುಂಬಿ ಬಂದವು.

ಹತ್ತು ತಿಂಗಳು! ರೈಲ್ವೆಯಲ್ಲಿದ್ದ ಅಪ್ಪ ಇದೇ ಊರಲ್ಲಿ ತೀರಿಕೊಂಡ ಮೇಲೆ ಅವಳು ಬಾಯಿಬಿಟ್ಟು ಕನ್ನಡ ಆಡಿರಲಿಲ್ಲ. ಹುಬ್ಬಳ್ಳಿಯ ಅಣ್ಣ ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದ. ‘ನಾವು ಕ್ಷೇಮ, ನೀನೂ ಕ್ಷೇಮ ಅಂತ ಭಾವಿಸುತ್ತೇನೆ.’ ಭಾವಿಸಿದರಾಯಿತೇ? ಬಂದು ನೋಡಬೇಕೆಂದು ಆ ಮನುಷ್ಯನಿಗೆ ಒಮ್ಮೆಯೂ ಅನ್ನಿಸಲಿಲ್ಲವಲ್ಲ! ಖಾಡಿಯಾದ ಪೋಳದಲ್ಲಿ, ಹೆಬ್ಬಾಗಿಲಿದ್ದ ಇಕ್ಕಟ್ಟು ಓಣಿಯಲ್ಲಿ, ಕಾಶಿಬೆನ್ ಎಂಬ ಮುದುಕಿಯ ಮನೆಯ ಮಾಳಿಗೆಯ ಕೋಣೆ ಅವಳದ್ದು. ಸ್ಟೋವ್ ಹೊತ್ತಿಸುವಾಗ ಅವಳು ಸ್ಟೋವಿಗೇ ಮಾತಾಡುತ್ತಿದ್ದಳು.

ಕೊನೆಗೂ ಸೇಠ್ ಒಳಗೆ ಕರೆದರು. ಅವರ ಬಳಿ ಎರಡು ಕರಿ ಅಂಬಾಸಡರ್ ಇದ್ದವು. ಒಂದು ಈ ಮನೆಗೆ, ಇನ್ನೊಂದು ಸೂರತ್‌ನ ಜರಿ ಕಾರ್ಖಾನೆಗೆ.

“ಮನೆಯ ಗಾಡಿ ಬೆನ್‌ನ ಕಂಪನಿಗೆ, ಸೂರತ್ ಗಾಡಿ ಭಾಯಿಯ ಕಂಪನಿಗೆ,” ಎಂದರು ಸೇಠ್. “ಎರಡು ಕಂಪನಿ ಇದ್ದರೆ ಇಬ್ಬರೂ ನನ್ನ ಬಾಗಿಲಿಗೆ ಓಡಿ ಬರುತ್ತೀರಿ!”

ದುಡ್ಡಿದ್ದವರಿಗೆ ಬೇರೆಯವರನ್ನು ಓಡಿಸುವುದರಲ್ಲಿ ಅದೆಂಥ ಸುಖವೋ!

ಅಂದೇ, ಸೋಮವಾರ, ಇಂದುಮತಿ ಮನೆಯ ಶೆಡ್ಡಿನಲ್ಲಿದ್ದ ಕಾರು ನೋಡಿ ನಂಬರು ಬರೆದುಕೊಂಡಳು. ಹಯವದನ ಗುರುವಾರ ಸೂರತ್‌ಗೆ ಹೋಗಿ ಅಲ್ಲಿನ ಕಾರು ನೋಡಿ ಬಂದ. ಎರಡು ಕಂಪನಿಗಳಿಂದ ಎರಡು ಪಾಲಿಸಿಗಳು ಹೊರಟವು. ಅದು ೧೯೬೪ರ ಫೆಬ್ರವರಿ.

ಆಮೇಲೆ ಶನಿವಾರಗಳು ಶುರುವಾದವು.

ಪ್ರತಿ ಶನಿವಾರ ಸಂಜೆ ಐದಕ್ಕೆ ಹಯವದನ ಪೋಳದ ಬಾಗಿಲಲ್ಲಿ ಸೈಕಲ್ ನಿಲ್ಲಿಸುತ್ತಿದ್ದ. ಕಾಶಿಬೆನ್ ಜಗಲಿಯ ಒಂದು ಮೂಲೆಯಲ್ಲಿ ಜಪಸರ ಹಿಡಿದು ಕಾವಲು ಕೂರುತ್ತಿದ್ದಳು.

“ಈ ಮದ್ರಾಸಿ ಇಷ್ಟು ಹೊತ್ತು ಏನು ಹೇಳುತ್ತಾನೆ?”

“ಬದನೀಕಾಯಿ ಪಲ್ಯಕ್ಕ ಬೆಲ್ಲ ಹಾಕೂದು ಪಾಪ ಅಂತಾನ, ಕಾಶಿಬೆನ್,” ಎಂದು ಇಂದುಮತಿ ಕನ್ನಡದಲ್ಲಿ ಹೇಳಿಬಿಟ್ಟು, ನಾಲಿಗೆ ಕಚ್ಚಿಕೊಂಡು, ಗುಜರಾತಿಯಲ್ಲಿ ಮತ್ತೆ ಹೇಳುತ್ತಿದ್ದಳು.

“ಬೆಲ್ಲ ಇಲ್ಲದ ಪಲ್ಯ ತಿಂದೇ ಇವನು ಹೀಗೆ ಉರೀತಾನೆ!” ಎನ್ನುತ್ತಿದ್ದಳು ಮುದುಕಿ.

ಅವನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೋಟೆಲು, ಪ್ರೆಸ್ಸು, ಗ್ಯಾರೇಜು ಎಲ್ಲ ಕಡೆ ದುಡಿದು, ಎಲ್ಲ ಕಡೆ ಜಗಳವಾಡಿ ಇಲ್ಲಿಗೆ ಬಂದಿದ್ದ. ಬೇರೆಯವರ ಎದುರು ಉರಿಯುವವನು ಅವಳ ಎದುರು ಮಾತ್ರ ಯಾಕೋ ತಣ್ಣಗಾಗುತ್ತಿದ್ದ.

‘ಇವರು ಬರದಿದ್ದರ ನನ್ನ ವಾರಕ್ಕ ಏನ ಅರ್ಥ?’ ಆ ಯೋಚನೆಗೆ ಅವಳಿಗೇ ಭಯವಾಗಿತ್ತು...

ಮೇ ತಿಂಗಳಲ್ಲಿ ಸೂರತ್ ಕಾರು, ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬ ನೇಕಾರನಿಗೆ ಬಡಿಯಿತು. ಅವನ ಎರಡೂ ಕಾಲು ಮುರಿದವು. ಅವನ ಕಡೆಯವರು ಪರಿಹಾರ ಕೇಳಲು ಹೋದಾಗ ಹಯವದನನ ಕಂಪನಿ ಪುಸ್ತಕ ತೆರೆಯಿತು.

ಬಡಿದ ಕಾರಿನ ನಂಬರು ೫೨೦೩. ಪಾಲಿಸಿಯಲ್ಲಿದ್ದ ನಂಬರು ೪೧೧೭!

“ಏಜೆಂಟ್ ಗಾಡಿ ನೋಡೋಕೇ ಬಂದಿಲ್ಲ. ಕೋಣೆಯಲ್ಲಿ ಕೂತು ಯಾವುದೋ ನಂಬರು ಗೀಚಿದ್ದಾನೆ,” ಎಂದರು ಸೇಠ್. ಸೂರತ್ ಡ್ರೈವರ್ ತಲೆ ತಗ್ಗಿಸಿ ಹೌದೆಂದ. ಏಳನೇ ಕ್ಲಾಸಿನವನ ಮಾತಿಗಿಂತ ಎರಡು ಕಾರಿನವನ ಮಾತು ದೊಡ್ಡದಲ್ಲವೇ? ನೇಕಾರನಿಗೆ ಪರಿಹಾರ ನಿಂತಿತು, ಹಯವದನನ ಏಜೆನ್ಸಿ ಹೋಯಿತು.

ಆ ಶನಿವಾರ ಅವನು ಬಂದಾಗ ಮುಖ ಕಪ್ಪಿಟ್ಟಿತ್ತು. ಪಾಲಿಸಿಯ ನಕಲನ್ನು ಜಗಲಿಯ ಮೇಲೆ ಎಸೆದು ಎಲ್ಲ ಹೇಳಿದ.

ಇಂದುಮತಿ ಆ ಕಾಗದವನ್ನೇ ನೋಡಿದಳು. ಬಾಯಿಂದ ಮಾತು ಜಾರಿತು.

“ನೀವು... ಖರೇನ ಗಾಡಿ ನೋಡಿದ್ರೇನ್ರಿ?”

ಅವನು ಒಂದು ಹೆಜ್ಜೆ ಹಿಂದೆ ಸರಿದ.

“ನೀವೂ ಕೇಳ್ತೀರಾ?”

“ಹಂಗಲ್ಲ, ನಾ...”

“ಏಳನೇ ಕ್ಲಾಸಿನವನಿಗೆ ನಾಲ್ಕು ಅಂಕಿ ಓದೋಕೆ ಬರಲ್ಲ ಅಂದ್ಕೊಂಡ್ರಾ? ಊರೆಲ್ಲ ಕೇಳಲಿ ಇಂದುಮತಿಯವರೇ, ಊರಿಗೆ ನಾನ್ಯಾರು! ಆದ್ರೆ ನೀವು...”

ಮುಂದೆ ಹೇಳದೆ ಸೈಕಲ್ ಹತ್ತಿ ಹೊರಟೇ ಹೋದ. ಕಾಗದ ಜಗಲಿಯ ಮೇಲೇ ಉಳಿಯಿತು.

ಮುಂದಿನ ಶನಿವಾರ ಐದು ಗಂಟೆಗೆ ಅವಳು ಮಾಳಿಗೆಯ ಕಿಟಕಿಯಲ್ಲಿ ನಿಂತಳು. ಸೈಕಲ್ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ... ಕಾಶಿಬೆನ್ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದಳು. ಈಗ ಸ್ಟೋವಿನ ಹತ್ತಿರವೂ ಅವಳು ಮಾತಾಡುತ್ತಿರಲಿಲ್ಲ. ಅಷ್ಟು ದೊಡ್ಡ ಊರು, ಅಷ್ಟು ಮಿಲ್ಲುಗಳು, ಅಷ್ಟು ಜನ... ಅವಳ ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ!

ಇಪ್ಪತ್ತನೇ ದಿನ ಮ್ಯಾನೇಜರು ಖುಷಿಯಿಂದ ಬಂದರು. “ಸೇಠ್ ತಮ್ಮ ಎರಡನೇ ಗಾಡಿಯನ್ನೂ ನಮಗೇ ಕೊಟ್ಟರು! ಮೊದಲನೇದರ ಫೈಲು ತೆಗೆದು, ಹಾಗೇ ಟೈಪ್ ಮಾಡು.”

ಇಂದುಮತಿ ಫೈಲು ತೆರೆದಳು. ತಾನೇ ಕೈಯಾರೆ ಟೈಪ್ ಮಾಡಿದ್ದ ಹಾಳೆ.

ನಂಬರು ೪೧೧೭.

ಪರ್ಸಿನಲ್ಲಿ ಮಡಚಿಟ್ಟಿದ್ದ ಅವನ ಕಾಗದ ತೆಗೆದು ಪಕ್ಕದಲ್ಲಿಟ್ಟಳು. ೪೧೧೭! ಸೋಮವಾರ ಅಹಮದಾಬಾದಿನಲ್ಲಿ ತಾನು ನೋಡಿದ ಕಾರನ್ನೇ ಗುರುವಾರ ಸೂರತ್‌ನಲ್ಲಿ ಅವನೂ ನೋಡಿದ್ದಾನೆ! ಒಂದೇ ಕಾರಿಗೆ ಎರಡು ಕಂಪನಿಯ ಪಾಲಿಸಿ, ಇನ್ನೊಂದಕ್ಕೆ ಪಾಲಿಸಿಯೇ ಇಲ್ಲ. ಒಂದು ಕಂಪನಿಯ ಪುಸ್ತಕವನ್ನು ಇನ್ನೊಂದು ಕಂಪನಿ ನೋಡುವುದಿಲ್ಲ. ಯಾರಿಗೆ ತಿಳಿಯಬೇಕು?

‘ಅಯ್ಯೋ ದೇವರೇ... ಅವರು ಖರೇನ ಹೇಳಿದ್ದರು!’

ಮ್ಯಾನೇಜರಿಗೆ ತೋರಿಸಿದಳು. ಅವರು ಫೈಲು ಮುಚ್ಚಿದರು.

“ಬೇರೆ ಕಂಪನಿಯ ಗೋಳು ನಮಗ್ಯಾಕೆ? ಎರಡೂ ಗಾಡಿ ನಮ್ಮವಾಗಿವೆ. ಈ ಕಾಗದ ಆಫೀಸಿನ ಹೊರಗೆ ಹೋದರೆ ನಿನ್ನ ಕೆಲಸವೂ ಹೋಗುತ್ತದೆ, ತಿಳೀತಾ?”

ಕೆಲಸ ಹೋದರೆ ಹುಬ್ಬಳ್ಳಿ. ಅಣ್ಣನ ಮನೆಯ ಅಡಿಗೆಮನೆ, ಅತ್ತಿಗೆಯ ಕೊಂಕು ಮಾತು. ಅವಳಿಗೆ ಎಲ್ಲ ತಿಳಿದಿತ್ತು.

ಆದರೂ ಆ ಹಾಳೆಯ ನಕಲು ಟೈಪ್ ಮಾಡಿ ಸೆರಗಿನೊಳಗೆ ಇಟ್ಟುಕೊಂಡಳು.

ಮರುದಿನ ಸೇಠ್ ಮನೆಯ ಡ್ರೈವರನ್ನು ಗೇಟಿನ ಹೊರಗೆ ಹಿಡಿದು ಕೇಳಿದಳು. ಪಾಪದ ಮನುಷ್ಯ, ಮುಚ್ಚಿಡಲಿಲ್ಲ. ಫೆಬ್ರವರಿಯ ಆ ವಾರ ಸೂರತ್ ಗಾಡಿಯ ಎಂಜಿನ್ ಕೆಟ್ಟು ಬರೋಡಾದ ಗ್ಯಾರೇಜಿನಲ್ಲಿತ್ತು. ಸೇಠ್ ಬುಧವಾರ ಮನೆಯ ಗಾಡಿಯಲ್ಲೇ ಸೂರತ್‌ಗೆ ಹೋಗಿದ್ದರು. ಏಜೆಂಟ್ ಬಂದಾಗ ಅಲ್ಲಿನ ಡ್ರೈವರ್ ಎದುರಿಗಿದ್ದ ಗಾಡಿ ತೋರಿಸಿಬಿಟ್ಟಿದ್ದ.

ಇಂದುಮತಿ ರೈಲು ಹತ್ತಿ ಬರೋಡಾಕ್ಕೆ ಹೋದಳು. ಎಣ್ಣೆಗೈ ಒರೆಸಿಕೊಳ್ಳುತ್ತ ಮೇಸ್ತ್ರಿ ತನ್ನ ಪುಸ್ತಕ ತಿರುವಿದ. ೫೨೦೩, ಭಾನುವಾರ ಬಂದದ್ದು, ಶನಿವಾರ ಹೋದದ್ದು. “ಬರಕೊಡ್ತೀನಿ ಬೆನ್. ಸುಳ್ಳು ಹೇಳೋಕೆ ನನಗೇನು ಬಂಗಲೆ ಇದೆಯಾ?”

ಆ ಚೀಟಿಯನ್ನೂ ನಕಲನ್ನೂ ಹಯವದನನ ಕಂಪನಿಯ ಮೇಜಿನ ಮೇಲಿಟ್ಟಳು. ಅಲ್ಲಿನ ಸಾಹೇಬರು ಎರಡು ಸಲ ಓದಿದರು. ಸೂರತ್ ಡ್ರೈವರನ್ನು ಕರೆಸಿದರು. ಚೀಟಿ ನೋಡಿದ ಮೇಲೆ ಅವನೂ ಬಾಯಿಬಿಟ್ಟ. ಪಾಲಿಸಿ ತಿದ್ದಿ ನೇಕಾರನಿಗೆ ಪರಿಹಾರ ಕೊಡುವುದೆಂದು ತೀರ್ಮಾನವಾಯಿತು.

ಅದೇ ದಿನ ಇಂದುಮತಿಯ ಕೆಲಸ ಹೋಯಿತು.

“ಹಯವದನ್ ಭಾಯಿ ಎಲ್ಲಿದ್ದಾರೆ?” ಎಂದು ಕೇಳಿದಾಗ ಅವನ ಕಂಪನಿಯ ಪ್ಯೂನು ಹೇಳಿದ, “ಸೂರತ್‌ನ ಆಸ್ಪತ್ರೆಯಲ್ಲಿ. ಕಾಲು ಮುರಿದವನ ಹತ್ತಿರ ಕೂತಿರ್ತಾನಂತೆ.”

ಸೂರತ್‌ನಲ್ಲಿ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಆಸ್ಪತ್ರೆಯ ವರಾಂಡದಲ್ಲಿ ಹಯವದನ ನೇಕಾರನ ಮಗಳಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಎದ್ದು ನಿಂತ.

ಅವಳು ನಿಂತಲ್ಲೇ ಎಲ್ಲ ಹೇಳಿದಳು. ಗ್ಯಾರೇಜಿನ ಚೀಟಿ, ಸಾಹೇಬರ ಮಾತು... “ಸೋಮವಾರ ನಿಮ್ಮನ್ನ ಆಫೀಸಿಗೆ ಕರದಾರ. ಏಜೆನ್ಸಿ ವಾಪಸ್ ಕೊಡ್ತಾರಂತ.”

“ಸಂತೋಷ,” ಎಂದ. ಮುಖದಲ್ಲಿ ಸಂತೋಷವಿರಲಿಲ್ಲ. “ಪುರಾವೆ ಸಿಕ್ತು, ನಂಬಿದ್ರಿ. ಸಿಗದೇ ಇದ್ದಿದ್ರೆ?”

ಸುಳ್ಳು ಹೇಳಬಹುದಿತ್ತು... ಹೇಳಲಿಲ್ಲ.

“ಇಪ್ಪತ್ತು ದಿನ ನಾ ನಿಮ್ಮನ್ನ ನಂಬಲಿಲ್ಲ. ನೀವು ತಪ್ಪು ಮಾಡೀರಿ ಅಂತನ ಅನ್ಕೊಂಡಿದ್ದೆ. ಆದರ... ಆ ಇಪ್ಪತ್ತೂ ದಿನ ಕಿಟಕಿಯೊಳಗ ನಿಂತಿದ್ದೆ. ಸುಳ್ಳ ಹೇಳಿದವರಾದ್ರೂ ಅಡ್ಡಿಯಿಲ್ಲ, ಬಂದ್ರ ಸಾಕು ಅಂತ ಬೇಡ್ಕೋತಿದ್ದೆ. ನಂಬಿಕಿ ಇರಲಿಲ್ಲ, ಆದ್ರೂ ನೀವ ಬೇಕಾಗಿದ್ರಿ. ಇದಕ್ಕ ಏನಂತಾರೋ ನನಗ ಗೊತ್ತಿಲ್ಲ!”

ಅವನ ಕೈಯಲ್ಲಿದ್ದ ಹಣ್ಣಿನ ಸಿಪ್ಪೆ ಕೆಳಗೆ ಬಿತ್ತು. ಅವನು ಅವಳ ಪಾದದತ್ತ ನೋಡಿದ. ಚಪ್ಪಲಿಯ ಉಂಗುಟ ಕಿತ್ತು, ಪಿನ್ನು ಹಾಕಿತ್ತು.

“ನಿಮ್ಮ ಕೆಲಸ?”

“ಹೋತು.”

“ನನಗೋಸ್ಕರ?”

ಅವಳು ಹೌದೆಂದು ತಲೆಯಾಡಿಸಿದಳು.

“ಹುಚ್ಚು ನಿಮಗೆ...” ಅವನು ಬಗ್ಗಿ ಸಿಪ್ಪೆ ಎತ್ತಿಕೊಂಡ. “ಈಗ ಎಲ್ಲಿಗೆ ಹೋಗ್ತೀರಿ?”

“ಹುಬ್ಬಳ್ಳಿಗೆ ಹೋಗಬಹುದು. ಇಲ್ಲಾ... ಹೋಗಬ್ಯಾಡ ಅಂತ ಯಾರಾದ್ರೂ ಹೇಳಿದ್ರ, ಹೋಗೂದಿಲ್ಲ.”

ಹಯವದನ ಬೆಂಚನ್ನು ತನ್ನ ಟವೆಲಿನಿಂದ ಒರೆಸಿದ.

“ಕೂತ್ಕೊಳ್ಳಿ. ನಿಮ್ಮ ಮೇಲೆ ತುಂಬಾ ಕೋಪ ಇದೆ ನನಗೆ. ಎಲ್ಲಾ ಬೈದು ಮುಗಿಸೋವರೆಗೂ ಎಲ್ಲಿಗೂ ಹೋಗಬೇಡಿ.”

“ಎಷ್ಟ ದಿನ ಬೇಕಾದೀತ್ರಿ?”

“ನನ್ನ ಕೋಪ ನಿಮಗೆ ಗೊತ್ತಲ್ಲ... ಈ ಜನ್ಮ ಸಾಲದೇನೋ!”

ಇಂದುಮತಿ ಅಳುತ್ತಲೇ ನಕ್ಕಳು. ಅವನ ಪಕ್ಕದಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹಂಗಾದ್ರ ಸಾವಕಾಶ ಬೈರಿ,” ಎಂದಳು. “ನಾ ಎಲ್ಲಿಗೂ ಹೋಗೂದಿಲ್ಲ.”