ಒಗ್ಗರಣೆ ಹೊತ್ತಿನ ಸಾಕ್ಷಿ

ಅವರೆಕಾಯಿ ಕಾಲದ ಒಂದು ಬೆಳಿಗ್ಗೆ, ಎಂಟೂಕಾಲಿನ ಹೊತ್ತಿಗೆ ಇದು ಶುರುವಾಯಿತು. ಚಾಮರಾಜಪೇಟೆಯ ನಮ್ಮ ಲಾ ಕಾಲೇಜಿನ ಕ್ಯಾಂಟೀನಿಗೆ ಮುನಿಲಕ್ಷ್ಮಮ್ಮ ಅಡುಗೆಗೆ ಬಂದ ಮೊದಲ ದಿನ. ಅಟೆಂಡರ್ ದೊಡ್ಡಬೈರಪ್ಪನಾದ ನಾನು ಬೀಗದ ಗೊಂಚಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎಣ್ಣೆಗೆ ಸಾಸಿವೆ ಬಿತ್ತು. ಹೊಗೆಯ ಆಚೆಯಿಂದ ಅವರು ತಲೆಯೆತ್ತಿ ನೋಡಿದರು.

ಆಮೇಲೆ ಹನ್ನೊಂದು ವರ್ಷವೂ ನಡೆದದ್ದು ಇಷ್ಟೇ. ಅವರ ಯಜಮಾನರೂ ಇಲ್ಲ, ನನ್ನವಳೂ ಇಲ್ಲ. ದಿನಾ ಹೋಗಿ ನಿಲ್ಲುವೆ. ಅಂಗೈಗೆ ಚೂರು ರುಚಿಗೆ ಹಾಕಿ "ಉಪ್ಪು ಸರಿ ಇದೆಯಾ?" ಎನ್ನುವರು. "ಇದೆ" ಎನ್ನುವೆ.

ಈ ಸಲದ ಅವರೆಕಾಯಿ ಕಾಲದಲ್ಲಿ ಒಂದು ಸೋಮವಾರ ಅವರು ಅಂದರು: "ಶುಕ್ರವಾರ ತಮ್ಮ ಬರ್ತಾನೆ. ಹೊಸಕೋಟೆಗೇ ಬಂದ್ಬಿಡು ಅಂತಾನೆ. ಇಲ್ಲಿ ನಂಗಾದ್ರೂ ಯಾರಿದಾರೆ?"

ಹೇಳಬೇಕೆಂದಿದ್ದು ಬೇರೆ. "ಉಪ್ಪು ಸರಿ ಇದೆ" ಎಂದುಬಿಟ್ಟೆ.

ಗುರುವಾರ ಮಕ್ಕಳ ಅಣಕು ಕೋರ್ಟು. ಆ ಮಕ್ಕಳು ವಾದ ಮಾಡಲು ಕಲಿಯುವುದನ್ನು ನೋಡುವುದೆಂದರೆ ನನಗೆ ಎಂದೂ ಕುತೂಹಲ. ಅವರಿಗೆ ಪಾಠ ಹೇಳುವ ತ್ರಿಪುರಸುಂದರಿ ಮೇಡಂ ಜಡ್ಜ್. ಕ್ಯಾಂಟೀನ್ ಮುಂದೆ ನನ್ನ ಸೈಕಲ್ ಕಳುವಾಯಿತೆಂದು ಸುಮ್ಮನೆ ಕಟ್ಟಿದ ಕೇಸು. ಎಂಟೂಕಾಲಿಗೆ ಅದು ಅಲ್ಲೇ ಇತ್ತೆಂದು ಸಾಕ್ಷಿ ಹೇಳುವುದು ನನ್ನ ಪಾಲು. ಒಬ್ಬ ಸಾಕ್ಷಿಯ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದಂತೆ. ಎರಡನೇ ಸಾಕ್ಷಿ ಮುನಿಲಕ್ಷ್ಮಮ್ಮನನ್ನು ದೂರ, ಲೈಬ್ರರಿ ಮುಂದೆ ಕೂರಿಸಿದರು.

ಹೇಳಬೇಕಾದ್ದನ್ನು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ನನ್ನ ಓದು ಎರಡನೇ ಕ್ಲಾಸಿಗೇ ಮುಗಿದದ್ದು, ಹಾಳೆ ಓದಲು ಬರಲಿಲ್ಲ. ಮೇಲೆ ದೇವರ ಹೆಸರಲ್ಲಿ ಪ್ರಮಾಣ ಬೇರೆ ಮಾಡಿಸಿದರು. ಆಟದ ಕೋರ್ಟಾದರೂ ಪ್ರಮಾಣ ಪ್ರಮಾಣವೇ.

"ವಾಚ್ ಇತ್ತಾ ತಾತ?" ಕಳ್ಳನ ಪರ ವಕೀಲೆ ಶರಣ್ಯ ಕೇಳಿದಳು.

"ಇಲ್ಲಮ್ಮ."

"ಮತ್ತೆ ಟೈಮ್ ಹೆಂಗೆ ಗೊತ್ತಾಯ್ತು?"

"ಮುನಿಲಕ್ಷ್ಮಮ್ಮ ಒಗ್ಗರಣೆ ಹಾಕಿದ್ರು. ದಿನಾ ಎಂಟೂಕಾಲಿಗೇ ಹಾಕೋದು."

"ದಿನಾ ಅಲ್ಲಿ ಯಾಕೆ ನಿಲ್ತೀರಿ?"

"ಎದುರು ಪಕ್ಷದ ಸಾಕ್ಷಿನ ಯಾಕೆ ಅಂತ ಕೇಳಬಾರದು ಅಂತ ಎಷ್ಟು ಸಲ ಹೇಳ್ಕೊಡ್ಲಿ ಶರಣ್ಯ?" ಎಂದರು ಮೇಡಂ. ತಡವಾಗಿತ್ತು.

"ಅವರನ್ನ ನೋಡೋಕೆ" ಎಂದೆ.

ಕ್ಲಾಸೆಲ್ಲ ಓ ಎಂದು ಕೂಗಿತು. ಕಟಕಟೆಯ ಮರ ಬಿಗಿಯಾಗಿ ಹಿಡಿದೆ.

ಮುನಿಲಕ್ಷ್ಮಮ್ಮ ಒಳಗೆ ಬಂದರು. ಎಲ್ಲರೂ ನಗುತ್ತಿರುವುದನ್ನು ಕಂಡು, ಏನಾಯ್ತು ಎಂದು ಹುಬ್ಬಿನಲ್ಲೇ ನನ್ನನ್ನು ಕೇಳಿದರು. ನಾನು ಇಳಿದು ಕಟಕಟೆ ಬಿಟ್ಟುಕೊಟ್ಟೆ.

"ಒಗ್ಗರಣೆ ಎಷ್ಟೊತ್ತಿಗೆ ಹಾಕ್ತೀರಮ್ಮಾ?" ಶರಣ್ಯ ಕೇಳಿದಳು.

"ಹೊತ್ತು ಗಿತ್ತು ನಂಗೊತ್ತಿಲ್ಲ ಕಣವ್ವ. ಬೈರಪ್ಪನವರು ಬಂದು ನಿಂತ ಮೇಲೆ ಹಾಕ್ತೀನಿ."

"ಬರದಿದ್ರೆ?"

"ಬರೋವರ್ಗೂ ಎಣ್ಣೇನೇ ಇಡಲ್ಲ. ಆ ಘಮ ಅವರಿಗಿಷ್ಟ."

ಶರಣ್ಯ ಕುಣಿದಳು. "ಮೇಡಂ, ಇವರ ಗಡಿಯಾರ ಅವರು, ಅವರ ಗಡಿಯಾರ ಇವರು! ಟೈಮ್ ಯಾರಿಗೂ ಗೊತ್ತಿಲ್ಲ!"

ಕೇಸು ಬಿದ್ದುಹೋಯಿತು.

ಕಾರಿಡಾರಿನಲ್ಲಿ ಮುನಿಲಕ್ಷ್ಮಮ್ಮ ಕೇಳಿದರು: "ಒಳಗೆ ಏನಂದ್ರಿ?"

"ನಿಮ್ಮನ್ನ ನೋಡೋಕೆ ದಿನಾ ಬರ್ತೀನಿ ಅಂದೆ. ಸೋಮವಾರ ಕೇಳಿದ್ರಲ್ಲ, ಇಲ್ಲಿ ಯಾರಿದಾರೆ ಅಂತ. ನಾನಿದೀನಿ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. "ಹನ್ನೊಂದು ವರ್ಷ ಬರೀ ಉಪ್ಪಿನ ಮಾತಾಡಿದ್ರಲ್ರೀ!"

ಶುಕ್ರವಾರ ಅವರ ತಮ್ಮ ಆಂಜಿನಯ್ಯ ಬಂದ. ಅವರೆಕಾಳು ಉಪ್ಪಿಟ್ಟು ತಿಂದ, ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ. ಅದೇ ಶುಕ್ರವಾರ ಸಂಜೆ ಕಲಾಸಿಪಾಳ್ಯದಲ್ಲಿ ಹೊಸಕೋಟೆ ಬಸ್ಸು ಹತ್ತಿ ಹೋದ, ಒಬ್ಬನೇ.